ಐವತ್ತಕ್ಕೊಂದು ಕೊಸರು

ನನಗೆ ಈಗಲೂ ಐವತ್ತು ಅಂದರೆ ಐವತ್ತೊಂದು. ಮದುವೆ ಮನೆಯಲ್ಲಿ ತಾಂಬೂಲದ ಚೀಲ ಜೋಡಿಸಲು ಕೂರಿಸಿದರೂ ಅಷ್ಟೆ, ಹಪ್ಪಳ ಎಣಿಸಿ ಡಬ್ಬಕ್ಕೆ ತುಂಬು ಎಂದರೂ ಅಷ್ಟೆ, ಐವತ್ತು ಮುಗಿದ ಕೂಡಲೇ ಈ ಹಾಳು ಬಲಗೈ ತಾನಾಗಿ ಇನ್ನೊಂದಕ್ಕೆ ಚಾಚುತ್ತದೆ. ಮನೆಯವರು ನಗುತ್ತಾರೆ. "ತಾತಂಗೆ ಎಣಿಸೋ ಕೆಲಸ ಮಾತ್ರ ಕೊಡಬೇಡ್ರಪ್ಪಾ" ಎನ್ನುತ್ತಾರೆ. ನಾನು ಸಿಡುಕುತ್ತೇನೆ. ಇಷ್ಟಕ್ಕೆಲ್ಲ ಸಿಡುಕುವ ಮುದುಕ ಅಂತ ಹೆಸರೂ ಬಂದಿದೆ. ಬರಲಿ. ಸಿಡುಕು ಯಾರ ಮೇಲೆ ಎಂಬುದು ಅವರಿಗೆ ಗೊತ್ತಿಲ್ಲ, ನಾನು ಹೇಳಿಯೂ ಇಲ್ಲ.

ನಮ್ಮೂರು ಹಾರನಹಳ್ಳಿಯ ಮಗ್ಗುಲಲ್ಲಿ. ನಮ್ಮದು ತೆಂಗಿನ ತೋಟ. ಕಾಯಿ ಕೆಡವಿದ ಮೇಲೆ ಅಂಗಳದಲ್ಲಿ ರಾಶಿ ಹಾಕಿ, ಅರಸೀಕೆರೆಯ ಮಂಡಿಯ ಗಾಡಿ ಬರುವುದರೊಳಗೆ ಎಣಿಸಿ ಮುಗಿಸಬೇಕು. ಕೈಗೊಂದರಂತೆ ಎರಡು ಕಾಯಿ ಎತ್ತಿ ಆಚೆ ಗುಡ್ಡೆಗೆ ಎಸೆಯುವುದು. ಐವತ್ತಾದ ಮೇಲೆ ಲೆಕ್ಕಕ್ಕೆ ಸೇರದ ಒಂದು ಕಾಯಿಯನ್ನು ಅದೇ ಗುಡ್ಡೆಗೆ ಹಾಕಬೇಕು. ಅದು ಕೊಸರು, ಕೊಳ್ಳುವವನಿಗೆ ನಾವು ಕೈಯೆತ್ತಿ ಕೊಡುವ ಹೆಚ್ಚಿನದು. ಅಜ್ಜ ಜಗುಲಿಯ ಮೇಲೆ ಕೂತು ಕಣ್ಣು ಮುಚ್ಚಿಕೊಂಡೇ ಶಬ್ದ ಕೇಳುತ್ತಿದ್ದರು. ಕಾಯಿ ಬಿದ್ದ ಸದ್ದು ಒಂದು ಕಡಿಮೆಯಾದರೆ ಸಾಕು, "ಐವತ್ತಾಯ್ತೇನ್ಲಾ? ಕೊಸರಾಕ್ಲಾ, ಬರಿಗೈಲಿ ಮುಗುಸ್ಬ್ಯಾಡ" ಎನ್ನುತ್ತಿದ್ದರು. ನನಗೆ ಮಾತು ಬರುವ ಮೊದಲೇ ಆ ಎಣಿಕೆ ಬಂದಿತ್ತು ಅಂತ ಅವ್ವ ಹೇಳುತ್ತಿದ್ದಳು.

ಅದನ್ನು ಬಿಡಿಸಲು ಪ್ರಯತ್ನ ಪಟ್ಟವರು ಒಬ್ಬರೇ. ಹಾರನಹಳ್ಳಿಯ ಶಾಲೆಯಲ್ಲಿ ನನಗೆ ಲೆಕ್ಕ, ಕನ್ನಡ ಎರಡನ್ನೂ ಕಲಿಸಿದ ಮೇಷ್ಟ್ರು. ಹುಣಸೆಬೀಜ ಎಣಿಸಿ ಐವತ್ತರ ಗುಂಪು ಮಾಡು ಅಂದರೆ ನಾನು ಪ್ರತಿ ಗುಂಪಿಗೂ ಒಂದು ಕೊಸರು ಹಾಕಿ ಕೂರುತ್ತಿದ್ದೆ. ಮೇಷ್ಟ್ರು ರೂಲುದೊಣ್ಣೆಯಿಂದ ಗೆಣ್ಣಿನ ಮೇಲೆ ಒಂದು ಕೊಡುತ್ತಿದ್ದರು. "ಕೊಸರು ಮಂಡಿಗೆ ಕಣೋ, ಲೆಕ್ಕಕ್ಕಲ್ಲ" ಎನ್ನುತ್ತಿದ್ದರು. ಹೊಡೆದ ಮೇಲೆ ಅದೇ ಕೈ ಹಿಡಿದು ಅಕ್ಷರ ತಿದ್ದಿಸುತ್ತಿದ್ದರು. ನನ್ನ ದುಂಡನೆಯ ಅಕ್ಷರ ಅವರದು. ಆ ಅಕ್ಷರದಿಂದಲೇ ನನಗೆ ಬೇಲೂರಿನಲ್ಲಿ ಕೆಲಸ ಸಿಕ್ಕಿತು.

ಅರವತ್ತರ ದಶಕದ ಮೊದಲ ವರ್ಷಗಳು ಅವು. ಬೇಲೂರಿನ ಸರ್ಕಾರಿ ಕಚೇರಿಯೊಂದರಲ್ಲಿ ನಾನು ಹಂಗಾಮಿ ಗುಮಾಸ್ತ. ಯಾವ ಕಚೇರಿ ಅಂತ ಹೇಳುವುದಿಲ್ಲ, ತಪ್ಪು ನನ್ನದು, ಕಚೇರಿಯದಲ್ಲ. ಹಂಗಾಮಿ ಅಂದರೆ ಇಂದು ಬಾ ಅಂದವರು ನಾಳೆ ಬರಬೇಡ ಅನ್ನಬಹುದು. ನನ್ನ ಹೆಸರು ಕಾಯಂ ಮಾಡುವ ಪಟ್ಟಿಯಲ್ಲಿ ಹಾಸನಕ್ಕೆ ಹೋಗಿದೆ ಅಂತ ನಮ್ಮ ಶಿರಸ್ತೇದಾರರು ವಾರಕ್ಕೊಮ್ಮೆ ಹೇಳುತ್ತಿದ್ದರು. ಹಾಗೆ ಹೇಳಿದ ದಿನ ನನ್ನಿಂದ ಎರಡರಷ್ಟು ಕೆಲಸ ತೆಗೆಯುತ್ತಿದ್ದರು.

ಮೇಷ್ಟ್ರಿಗೆ ಅಷ್ಟರಲ್ಲಿ ಹಳೇಬೀಡಿಗೆ ವರ್ಗವಾಗಿ ಬಹಳ ವರ್ಷಗಳಾಗಿದ್ದವು. ಬಸ್ತಿಹಳ್ಳಿಯಲ್ಲಿ ಬಸದಿಗಳ ಹಿಂದಿನ ಬೀದಿಯಲ್ಲಿ ಸಣ್ಣದೊಂದು ಮನೆ. ತಿಂಗಳಿಗೆ ಒಂದೆರಡು ಭಾನುವಾರ ನಾನು ಬಸ್ಸು ಹತ್ತಿ ಅಲ್ಲಿಗೆ ಹೋಗುತ್ತಿದ್ದೆ, ಊಟ ಮಾಡಿಕೊಂಡು ಬರುತ್ತಿದ್ದೆ. ಅವರಿಗೆ ಒಬ್ಬಳೇ ಮಗಳು. ಹದಿನಾಲ್ಕು ತುಂಬಿತ್ತು. ಮಿಡ್ಲ್ ಸ್ಕೂಲು ಮುಗಿಸಿ ಮನೆಯಲ್ಲಿ ಕೂತಿದ್ದಳು. ಹೈಸ್ಕೂಲಿಗೆ ಬೇಲೂರಿಗೇ ಬರಬೇಕು. ಹುಡುಗರು ಹೇಗೋ ಸೈಕಲ್ಲು ತುಳಿಯುತ್ತಿದ್ದರು, ಬಸ್ಸಿನ ಏಣಿಗೆ ಜೋತು ಬೀಳುತ್ತಿದ್ದರು. ಹೆಣ್ಣುಮಕ್ಕಳನ್ನು ಯಾರೂ ಕಳಿಸುತ್ತಿರಲಿಲ್ಲ. ಮಗಳು ಅಪ್ಪನ ಹಳೆಯ ಪುಸ್ತಕಗಳನ್ನು ಮತ್ತೆ ಮತ್ತೆ ಓದುತ್ತಿದ್ದಳು, ನಾನು ಹೋದಾಗಲೆಲ್ಲ "ಆಲ್ಜೀಬ್ರಾ ಅಂದ್ರೆ ಏನಣ್ಣಾ, ಸ್ವಲ್ಪ ಹೇಳಿಕೊಡಿ" ಎನ್ನುತ್ತಿದ್ದಳು. ನನಗೇ ಸರಿಯಾಗಿ ಬರುತ್ತಿರಲಿಲ್ಲ.

ಆ ವರ್ಷ ತಾಲ್ಲೂಕು ಬೋರ್ಡಿನ ಚುನಾವಣೆ ಬಂತು. ಹೈಸ್ಕೂಲು ಎಲ್ಲಿ ಆಗಬೇಕು, ರಸ್ತೆ ಎಲ್ಲಿ ಆಗಬೇಕು ಅಂತ ಬರೆದು ಕಳಿಸುವವರು ಬೋರ್ಡಿನವರು. ಹಳೇಬೀಡಿನ ಕಡೆಯಿಂದ ಅಲ್ಲಿ ಬಾಯಿ ಬಿಡುವವರು ಇರಲಿಲ್ಲ. ಮೇಷ್ಟ್ರು ಒಂದು ದಿನ ಕೆಲಸಕ್ಕೆ ರಾಜೀನಾಮೆ ಬರೆದು ಕೊಟ್ಟು, ನಾಮಪತ್ರ ಹಾಕಿಬಿಟ್ಟರು. ಸರ್ಕಾರಿ ಸಂಬಳದಲ್ಲಿದ್ದುಕೊಂಡು ನಿಲ್ಲುವ ಹಾಗಿರಲಿಲ್ಲವಲ್ಲ. ಪಿಂಚಣಿಗೆ ಇನ್ನು ನಾಲ್ಕು ವರ್ಷ ಇತ್ತು. ನಾನು ಹೋಗಿ, "ಸಾರ್, ಇದೇನು ಮಾಡಿಕೊಂಡ್ರಿ" ಅಂದೆ. "ಗೆದ್ದರೆ ಇವಳು ಹೈಸ್ಕೂಲು ನೋಡ್ತಾಳೆ. ಇವಳ ಜೊತೆ ಇನ್ನೂ ಎಂಟು ಜನ ಇದ್ದಾರೆ, ಹೆಸರು ಹಿಡಿದು ಹೇಳಲಾ?" ಅಂದರು. ಹೇಳಿಯೂ ಬಿಟ್ಟರು, ಹಾಜರಿ ಕೂಗುವಂತೆ. ಹೈಸ್ಕೂಲು ಆಮೇಲೆ ಯಾವಾಗಲೋ ಬಂತು. ಆ ಒಂಬತ್ತು ಹುಡುಗಿಯರಿಗೆ ಬರಲಿಲ್ಲ.

ಎದುರಿಗೆ ನಿಂತವರು ಕೊಬ್ಬರಿ ವ್ಯಾಪಾರದ ಒಬ್ಬ ಸಾಹುಕಾರರು. ಕೆಟ್ಟವರೇನಲ್ಲ. ದಾರಿಯಲ್ಲಿ ಸಿಕ್ಕರೆ ಮೇಷ್ಟ್ರಿಗೆ ತಾವೇ ಮೊದಲು ಕೈಮುಗಿಯುತ್ತಿದ್ದರು. ಅವರ ಗುರುತು ತಕ್ಕಡಿ, ಮೇಷ್ಟ್ರ ಗುರುತು ಏಣಿ.

ಎಣಿಕೆಗೆ ಹತ್ತು ದಿನ ಇರುವಾಗ ಶಿರಸ್ತೇದಾರರು ನನ್ನನ್ನು ಕರೆದು, ಮರುಎಣಿಕೆಯ ನಿಯಮಗಳನ್ನು ದೊಡ್ಡ ಹಾಳೆಯ ಮೇಲೆ ಎಲ್ಲರಿಗೂ ಕಾಣುವ ಹಾಗೆ ಬರೆಯಲು ಹೇಳಿದರು. ಅವರು ಓದಿದರು, ನಾನು ಬರೆದೆ. ಮತಗಳ ಮೊತ್ತ ಓದಿದ ಮೇಲೆ, ಫಲಿತಾಂಶದ ಪತ್ರಕ್ಕೆ ಸಹಿ ಬೀಳುವ ಮುಂಚೆ, ಅಭ್ಯರ್ಥಿ ಅಥವಾ ಅವರ ಏಜೆಂಟು ಮರುಎಣಿಕೆ ಕೇಳಬಹುದು. ಬಾಯಲ್ಲಿ ಕೇಳಿದರೆ ಆಗದು, ಬರೆದು ಕೊಡಬೇಕು. ಕಾರಣ ಕಾಣಿಸಬೇಕು. ಕಾರಣದಲ್ಲಿ ಹುರುಳಿಲ್ಲ ಅನ್ನಿಸಿದರೆ ಅಧಿಕಾರಿಗಳು ತಳ್ಳಿಹಾಕಬಹುದು. ಸಹಿ ಬಿದ್ದ ಮೇಲೆ ಯಾವ ಅರ್ಜಿಯನ್ನೂ ತೆಗೆದುಕೊಳ್ಳತಕ್ಕದ್ದಲ್ಲ. ಆಮೇಲೆ ಏನಿದ್ದರೂ ಮೂವತ್ತು ದಿನದೊಳಗೆ ಕೋರ್ಟಿಗೆ ಹೋಗಬೇಕು. ನಾಲ್ಕು ಪ್ರತಿ ಬರೆದೆ. ಇಡೀ ತಾಲ್ಲೂಕಿನಲ್ಲಿ ಆ ನಿಯಮ ನನ್ನಷ್ಟು ಬಾಯಿಪಾಠ ಬರುತ್ತಿದ್ದವನು ಇನ್ನೊಬ್ಬನಿರಲಿಲ್ಲ.

ಎಣಿಕೆ ಶನಿವಾರ ಬೆಳಿಗ್ಗೆ ಶುರುವಾಯಿತು. ಉದ್ದನೆಯ ಕೋಣೆ, ಮೇಜುಗಳ ಸಾಲು, ನಡುವೆ ಹಗ್ಗ. ಹಗ್ಗದಾಚೆ ಅಭ್ಯರ್ಥಿಗಳ ಏಜೆಂಟರು. ಮೇಷ್ಟ್ರ ಏಜೆಂಟು ಹಳೇಬೀಡಿನಲ್ಲಿ ಎಣ್ಣೆಗಾಣ ಇಟ್ಟಿದ್ದ ಒಬ್ಬ ದಪ್ಪನೆಯ ಗೌಡರು. ಬೆಳಗಿನಿಂದ ಹಗ್ಗಕ್ಕೆ ಹೊಟ್ಟೆ ಒತ್ತಿಕೊಂಡು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನಿಂತಿದ್ದರು. ಪೆಟ್ಟಿಗೆ ಒಡೆದು ಚೀಟಿಗಳನ್ನು ಬೇರೆ ಮಾಡಿದ ಮೇಲೆ, ತಕ್ಕಡಿಯ ಚೀಟಿಗಳನ್ನು ಐವತ್ತರಂತೆ ಕಟ್ಟುವ ಕೆಲಸ ಇನ್ನೊಬ್ಬ ಗುಮಾಸ್ತನಿಗೆ ಬಂತು. ಅವನು ಬೇಲೂರಿನ ಪೇಟೆಯವನು, ದೇವಸ್ಥಾನದ ಚಾಕರಿ ಮನೆತನದವನು. ಏಣಿಯ ಚೀಟಿಗಳು ನನಗೆ ಬಂದವು.

ನನಗೆ ಒಳಗೊಳಗೇ ಖುಷಿ. ಮೇಷ್ಟ್ರ ಓಟು ನನ್ನ ಕೈಯಲ್ಲಿ ಎಣಿಕೆಯಾಗುತ್ತಿದೆ! ಒಂದೂ ತಪ್ಪಬಾರದು ಅಂತ ತುಟಿ ಅಲ್ಲಾಡಿಸುತ್ತ ಎಣಿಸಿದೆ. ಐವತ್ತಾಯಿತು, ಹುರಿ ಕಟ್ಟಿದೆ, ಕಟ್ಟಿನ ಮೇಲಿಟ್ಟ ಕಾಗದದ ತುಂಡಿಗೆ ನನ್ನ ಸಣ್ಣ ಸಹಿ ಹಾಕಿದೆ. ಮೇಲ್ವಿಚಾರಕರು ಬಂದು ಕಟ್ಟಿನ ಅಂಚಿನ ಮೇಲೆ ಹೆಬ್ಬೆರಳು ಓಡಿಸಿ, "ಹ್ಞೂಂ" ಎಂದು ಪೆಟ್ಟಿಗೆಗೆ ಹಾಕಿಸಿದರು. ಹೀಗೆ ಮಧ್ಯಾಹ್ನದವರೆಗೆ. ಕಡೆಗೆ ಮೂವತ್ತೊಂದು ಕಟ್ಟು, ಮೇಲೆ ಬಿಡಿ ಇಪ್ಪತ್ತೆರಡು.

ಚುನಾವಣಾಧಿಕಾರಿ ಸಾಹೇಬರು ಎದ್ದು ನಿಂತು ಓದಿದರು. ತಕ್ಕಡಿ ಒಂದು ಸಾವಿರದ ಐನೂರ ತೊಂಬತ್ತೊಂದು. ಏಣಿ ಒಂದು ಸಾವಿರದ ಐನೂರ ಎಪ್ಪತ್ತೆರಡು. ಹತ್ತೊಂಬತ್ತು ಓಟಿನಲ್ಲಿ ಮೇಷ್ಟ್ರು ಸೋತಿದ್ದರು. ಹಗ್ಗದಾಚೆ ಒಂದು ಕಡೆ ಗಲಾಟೆ ಎದ್ದಿತು. ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿಕೊಂಡರು. ಒರೆಸುತ್ತಲೇ ಇದ್ದರು.

ಆಗ ಶಿರಸ್ತೇದಾರರು ಸಾಹೇಬರ ಬಳಿ ಬಗ್ಗಿ, "ಸಾರ್, ಮತಗಟ್ಟೆಗಳಲ್ಲಿ ಕೊಟ್ಟ ಚೀಟಿಗೂ ಇಲ್ಲಿ ಬಂದದ್ದಕ್ಕೂ ತಾಳೆಯಾಗ್ತಿಲ್ಲ. ಮೂವತ್ತೊಂದು ಕಮ್ಮಿ" ಅಂದರು.

"ಅಷ್ಟೊಂದಾ?"

"ಮನೆಗೆ ಒಯ್ದಿರ್ತಾರೆ ಬಿಡಿ ಸಾರ್. ಪೆಟ್ಟಿಗೆಗೆ ಹಾಕೋದು ಬಿಟ್ಟು ದೇವರ ಗೂಡಲ್ಲಿ ಇಟ್ಕೋತಾರೆ. ಪ್ರತಿ ಸಲವೂ ಇದ್ದದ್ದೇ."

ಅದು ನಿಜವೂ ಹೌದು. ಸರ್ಕಾರದ ಮೊಹರು ಬಿದ್ದ ಕಾಗದ ಅಂತ ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದವರನ್ನು ನಾನೇ ನೋಡಿದ್ದೆ. ಸಾಹೇಬರು ತಲೆಯಾಡಿಸಿದರು. ನಾನೂ ತಲೆಯಾಡಿಸುತ್ತ ನನ್ನ ಮೇಜಿನ ಮೇಲಿದ್ದ ಕಾಗದ ನೋಡಿದೆ. ನನ್ನ ದುಂಡನೆಯ ಅಕ್ಷರದಲ್ಲಿ ಕಟ್ಟುಗಳ ಸಂಖ್ಯೆ ಬರೆದಿತ್ತು. ಮೂವತ್ತೊಂದು.

ಕಮ್ಮಿಯಾದ ಚೀಟಿ ಮೂವತ್ತೊಂದು, ನಾನು ಕಟ್ಟಿದ ಕಟ್ಟು ಮೂವತ್ತೊಂದು. ಬೆಳಗಿನಿಂದ ನನ್ನ ಕೈ ಏನು ಮಾಡಿತ್ತು ಎಂಬುದು ಒಂದೇ ಸಲ ಕಣ್ಣಿಗೆ ಕಟ್ಟಿತು. ನಲವತ್ತೊಂಬತ್ತು, ಐವತ್ತು, ಆಮೇಲೆ ಬಾಯಲ್ಲಿ ಸಂಖ್ಯೆಯಿಲ್ಲದ ಇನ್ನೊಂದು. ಅಜ್ಜನ ಕೊಸರು. ಒಂದೊಂದು ಕಟ್ಟಿನಲ್ಲೂ ಮೇಷ್ಟ್ರ ಒಂದೊಂದು ಓಟನ್ನು ನಾನು ಲೆಕ್ಕಕ್ಕೆ ಸೇರಿಸದೆ ಧಾರಾಳವಾಗಿ ಕಟ್ಟಿ ಇಟ್ಟಿದ್ದೆ. ತೆಂಗು ಎಣಿಸಿ ಗೊತ್ತಿಲ್ಲದ ಪೇಟೆಯ ಗುಮಾಸ್ತ ಐವತ್ತಕ್ಕೇ ನಿಲ್ಲಿಸಿದ್ದ. ಮೂವತ್ತೊಂದು ಸೇರಿಸಿದರೆ ಮೇಷ್ಟ್ರು ಹನ್ನೆರಡು ಓಟಿನಲ್ಲಿ ಗೆದ್ದಿದ್ದರು. ಚೀಟಿಗಳು ಯಾವ ದೇವರ ಗೂಡಿಗೂ ಹೋಗಿರಲಿಲ್ಲ, ನನ್ನಿಂದ ನಾಲ್ಕು ಮಾರು ದೂರದ ಪೆಟ್ಟಿಗೆಯಲ್ಲಿದ್ದವು.

ಸಾಹೇಬರು ಗೋಡೆಯ ಮೇಲಿನ ನನ್ನ ಹಾಳೆಯ ಕಡೆ ಬೆರಳು ತೋರಿಸಿ, "ನಿಯಮ ನೋಡಿದ್ದೀರಿ. ಮರುಎಣಿಕೆ ಬೇಕು ಅನ್ನೋರು ಕಾರಣ ಬರೆದು ಅರ್ಜಿ ಕೊಡಿ. ನಾನು ಸಹಿ ಹಾಕೋವರೆಗೆ ಸಮಯ ಇದೆ" ಎಂದು ಕುಳಿತರು. ಪತ್ರ ಮುಂದಿತ್ತು. ಪೆನ್ನಿನ ಮುಚ್ಚಳ ತೆಗೆದು ಪಕ್ಕಕ್ಕಿಟ್ಟರು.

ಎಣ್ಣೆಗಾಣದ ಗೌಡರು ಮೇಷ್ಟ್ರ ತೋಳು ಹಿಡಿದು ಅಲ್ಲಾಡಿಸಿದರು. "ಒಂದು ಅರ್ಜಿ ಗೀಚಾಕಿ ಮೇಷ್ಟ್ರೇ. ಹತ್ತೊಂಬತ್ತೇ ಓಟು."

"ಏನು ಕಾರಣ ಬರೀಲಿ?"

"ಹತ್ತೊಂಬತ್ತೇ ಅಂತ್ಲೇ ಬರೀರಿ."

"ಅದು ಕಾರಣ ಅಲ್ಲ ಗೌಡ್ರೇ, ಅದು ಸಂಕಟ."

"ಮೂವತ್ತೊಂದು ಚೀಟಿ ಕಾಣೆ ಅಂತವ್ರಲ್ಲ, ಅದ ಬರೀರಿ ಮತ್ತೆ."

"ಜನ ಮನೆಗೆ ಒಯ್ದಿದ್ದಾರೆ. ನನಗೇ ಇಬ್ಬರು ತೋರಿಸಿದ್ದಾರೆ." ಮೇಷ್ಟ್ರು ಕನ್ನಡಕ ಹಾಕಿಕೊಂಡು ನನ್ನ ಕಡೆ ನೋಡಿದರು. ಕೋಣೆಯಲ್ಲಿ ಅಷ್ಟು ಜನರಿದ್ದರೂ ಆ ನೋಟ ನೇರ ನನ್ನ ಮೇಲೇ ಬಿತ್ತು. "ಏಣಿ ಕಟ್ಟಿದ್ದೆಲ್ಲ ನನ್ನ ಶಿಷ್ಯ ಗೌಡ್ರೇ. ಅವನಿನ್ನೂ ಹಂಗಾಮಿ. ಎಣಿಕೆ ಸರಿಯಿಲ್ಲ ಅಂತ ನಾನೇ ಬರೆದು ಕೊಟ್ಟರೆ ನಾಳೆ ಅವನನ್ನ ಇಟ್ಕೋತಾರಾ? ಅವನಿಗೆ ಎಣಿಸೋದು ಕಲಿಸಿದ್ದು ನಾನು. ಬೇಡ."

ಆಗ ನಾನು ಎದ್ದು ನಿಲ್ಲಬೇಕಿತ್ತು. ಅರ್ಜಿ ಕೊಡುವ ಹಕ್ಕು ನನಗಿರಲಿಲ್ಲ, ನಿಜ. ಆದರೆ "ಸಾರ್, ಬರೀರಿ, ಕಾರಣ ನಾನು ಹೇಳ್ತೀನಿ" ಅನ್ನಲು ಯಾವ ನಿಯಮವೂ ಅಡ್ಡ ಇರಲಿಲ್ಲ. ಮುಂದೆ ಎಷ್ಟೋ ವರ್ಷ ನನಗೆ ನಾನೇ ನೆಪ ಹೇಳಿಕೊಂಡೆ. ಗಾಬರಿಯಾಗಿತ್ತು, ಲೆಕ್ಕ ಖಚಿತವಿರಲಿಲ್ಲ, ಸಮಯ ಸಾಲಲಿಲ್ಲ. ಎಲ್ಲ ಸುಳ್ಳು. ಹೆದರಿದೆ, ಅಷ್ಟೆ. ಹಾಸನಕ್ಕೆ ಹೋದ ಪಟ್ಟಿ ಕಣ್ಣ ಮುಂದೆ ಬಂತು, ಕೂತಲ್ಲೇ ಕೂತೆ. ಸಾಹೇಬರು ಒಮ್ಮೆ ಸುತ್ತ ನೋಡಿದರು. ಅವಸರ ಮಾಡಲಿಲ್ಲ, ಪಾಪ. ಗಡಿಯಾರ ನೋಡಿದರು, ಇನ್ನೊಮ್ಮೆ ಸುತ್ತ ನೋಡಿದರು. ಆಮೇಲೆ ಸಹಿ ಹಾಕಿ, ಒತ್ತುಕಾಗದದಿಂದ ಶಾಯಿ ಒತ್ತಿದರು.

ಹೊರಗೆ ಬರುವಾಗ ಮೇಷ್ಟ್ರು ನನ್ನ ಹೆಗಲು ತಟ್ಟಿ, "ಊಟ ಮಾಡಿದೆಯೇನೋ? ಬೆಳಗಿಂದ ಕೂತೇ ಇದ್ದೆ" ಅಂದರು.

ಅಲ್ಲಿಂದ ನನ್ನ ದಿನಗಳು ಹೇಗೆ ಕಳೆದವು ಅಂದರೆ, ದಿನಗಳನ್ನು ಎಣಿಸುತ್ತ ಕಳೆದವು. ಆ ಎಣಿಕೆಯಲ್ಲಿ ಮಾತ್ರ ಕೈ ಒಂದೂ ತಪ್ಪಲಿಲ್ಲ. ಕೋರ್ಟಿಗೆ ಮೂವತ್ತು ದಿನ. ಮೊದಲ ಭಾನುವಾರ ಬಸ್ತಿಹಳ್ಳಿಗೆ ಹೋಗಿ ಹೇಳಿಬಿಡುತ್ತೇನೆ ಅಂದುಕೊಂಡೆ, ಜ್ವರ ಅಂತ ಮಲಗಿದೆ. ಜ್ವರ ಇರಲಿಲ್ಲ. ಎರಡನೆಯ ಭಾನುವಾರ ಬಸ್ ಸ್ಟ್ಯಾಂಡಿನವರೆಗೆ ಹೋಗಿ, ಕಾಫಿ ಕುಡಿದು ವಾಪಸು ಬಂದೆ. ಮೂರನೆಯ ಭಾನುವಾರ ಊರಿಗೆ ಹೋದೆ. ಅಲ್ಲಿ ಅಂಗಳದಲ್ಲಿ ಕಾಯಿ ಎಣಿಸುತ್ತಿದ್ದರು. ಅಜ್ಜ, "ಬಾರ್ಲಾ, ನೀನೂ ಒಂದು ಕೈ ಹಾಕು" ಅಂದರು. ನಾನು ಯಾವುದೋ ಸಿಟ್ಟಿನಲ್ಲಿ, "ನಿಮ್ಮ ಕೊಸರು ನಿಮಗೇ ಇರಲಿ" ಎಂದು ಬೈದು ಒಳಗೆ ಹೋದೆ. ಅಜ್ಜನಿಗೆ ಏನೂ ಅರ್ಥವಾಗಲಿಲ್ಲ. ಅವ್ವನನ್ನು ಕರೆದು, "ಯಾಕೆ, ಬೇಲೂರ್ನಾಗೆ ಹುಡುಗಂಗೆ ಏನಾರ ಆಗೈತಾ?" ಎಂದು ಕೇಳುತ್ತಿದ್ದುದು ನನಗೆ ಒಳಗೆ ಕೇಳಿಸಿತು.

ನಾಲ್ಕನೆಯ ಭಾನುವಾರವನ್ನೂ ಹಾಗೇ ಕಳೆದೆ. ಇಪ್ಪತ್ತೊಂಬತ್ತನೆಯ ದಿನ ಐದನೆಯ ಭಾನುವಾರ. ಮಾರನೆಯ ದಿನ ಸೋಮವಾರಕ್ಕೆ ಗಡುವು ಮುಗಿಯುತ್ತಿತ್ತು. ಆವತ್ತು ಹೋದೆ.

ಮೇಷ್ಟ್ರು ಮನೆಯಲ್ಲಿರಲಿಲ್ಲ. ಬಸದಿಯ ಅಂಗಳದಲ್ಲಿ ಕಲ್ಲಿನ ಮೇಲೆ ಕೂತು, ಕೆಲಸ ಹೋದ ಮೇಲೂ ಬಿಡದೆ ಹತ್ತಾರು ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಚಿಕ್ಕ ಮಕ್ಕಳನ್ನು ಮಗಳು ನೋಡಿಕೊಳ್ಳುತ್ತಿದ್ದಳು, ಬೆಣಚುಕಲ್ಲು ಹರಡಿ ಎಣಿಸಲು ಕಲಿಸುತ್ತಿದ್ದಳು. ನನ್ನನ್ನು ಕಂಡು ಎದ್ದು ನಿಂತು ನಕ್ಕಳು. ಮೇಷ್ಟ್ರು ಮಕ್ಕಳನ್ನು ಮನೆಗೆ ಕಳಿಸಿ, ಮಗಳಿಗೆ ಕಾಫಿ ಮಾಡಲು ಹೇಳಿ, ಪಕ್ಕದ ಕಲ್ಲು ತೋರಿಸಿದರು. ನಾನು ಕೂರಲಿಲ್ಲ. ನಿಂತೇ ಹೇಳಿದೆ. ಕಟ್ಟು ಮೂವತ್ತೊಂದು, ಚೀಟಿ ಮೂವತ್ತೊಂದು, ಕೊಸರು. ಹೇಳುವಷ್ಟರಲ್ಲಿ ಅಳು ಬಂದುಬಿಟ್ಟಿತು. ಇಪ್ಪತ್ತೆರಡು ವರ್ಷದ ಗಂಡಸು, ಹುಣಸೆಬೀಜದ ಮುಂದೆ ಕೂತವನ ಹಾಗೆ ಅತ್ತೆ.

ಮೇಷ್ಟ್ರು ತಡೆಯಲಿಲ್ಲ, ಬೈಯಲೂ ಇಲ್ಲ.

"ಗೊತ್ತು ಕಣೋ" ಅಂದರು.

ನಾನು ಮುಖ ಒರೆಸಿಕೊಂಡು ನೋಡಿದೆ.

"ಆವತ್ತು ಬಸ್ಸಲ್ಲಿ ಬರುವಾಗ ಗೌಡ್ರು ನಿನ್ನನ್ನ ಹೊಗಳಿದ್ರು. 'ನಿಮ್ಮ ಶಿಷ್ಯ ಪಸಂದಾಗಿ ಎಣಿಸ್ದ ಮೇಷ್ಟ್ರೇ, ಐವತ್ತಕ್ಕೊಂದು ಕೊಸರು ತಪ್ಪುಸ್ಲಿಲ್ಲ' ಅಂದ್ರು. ಅವರು ಬೆಳಗಿಂದ ಅದನ್ನೇ ನೋಡ್ತಾ ನಿಂತಿದ್ದಾರೆ! ಅವರಿಗೂ ಅದು ತಪ್ಪು ಅಂತ ಅನ್ನಿಸಿಲ್ಲ. ಎಣ್ಣೆ ಅಳೆಯೋರು, ಕೊಸರು ಹಾಕದಿದ್ರೆ ಅಲ್ವಾ ಅವರಿಗೆ ಅನುಮಾನ ಬರೋದು." ಮೇಷ್ಟ್ರು ಸ್ವಲ್ಪ ನಕ್ಕರು. ಆ ನಗು ನನಗೆ ರೂಲುದೊಣ್ಣೆಗಿಂತ ಜೋರಾಗಿ ಬಿತ್ತು. "ಬಸ್ಸು ಹಳೇಬೀಡು ಮುಟ್ಟೋದರೊಳಗೆ ಲೆಕ್ಕ ಹಾಕಿದೆ. ಹನ್ನೆರಡು."

"ಮತ್ತೆ ನನ್ನನ್ನ ಯಾಕೆ ಕರೆಸಲಿಲ್ಲ ಸಾರ್?"

"ನಾನು ಕರೆಸಿ ಕೇಳಿದ್ರೆ, ಗುರುಗಳು ಹೇಳಿಸಿದರು ಅಂತ ಆಗ್ತಿತ್ತು. ಕೋರ್ಟಲ್ಲಿ ಅದಕ್ಕೆ ಬೆಲೆಯಿಲ್ಲ. ಗೌಡ್ರ ಮಾತು ನನ್ನ ಕಡೆಯವರ ಮಾತು. ಎಣಿಸಿದವನು ತಾನಾಗಿ ಬಂದು ಹೇಳಿದ್ರೆ ಮಾತ್ರ ಪೆಟ್ಟಿಗೆ ತೆಗೆಸ್ತಾರೆ ಅಂತ ವಕೀಲರು ಅಂದ್ರು. ಅದಕ್ಕೇ ನೀನಾಗಿ ಬರಲಿ ಅಂತ ಕಾದೆ. ಇಪ್ಪತ್ತೊಂಬತ್ತು ದಿನ ಆಯ್ತು ಕಣೋ." ಒಂದೇ ಕ್ಷಣ ಅವರ ದನಿ ಏರಿತು. ಆಮೇಲೆ ಮತ್ತೆ ಎಂದಿನಂತೆ ಕೇಳಿದರು. "ನಾಳೆ ಹಾಸನಕ್ಕೆ ಬರ್ತೀಯಾ? ಕೋರ್ಟಲ್ಲಿ ಇದನ್ನ ಹೇಳ್ತೀಯಾ? ಯೋಚನೆ ಮಾಡಿ ಹೇಳು. ನಿನ್ನ ಕೆಲಸಕ್ಕೆ ಸಂಚಕಾರ ಬರಬಹುದು. ಬರುತ್ತೆ ಅಂತಲೇ ಇಟ್ಕೋ."

"ಬರ್ತೀನಿ ಸಾರ್" ಅಂದೆ. ಯೋಚನೆ ಮಾಡಲಿಲ್ಲ. ಆ ಹೊತ್ತಿನಲ್ಲಿ ನಿಜವಾಗಿಯೂ ಹೋಗುವವನಿದ್ದೆ. ಅದನ್ನಾದರೂ ಓದುವವರು ನಂಬಬೇಕು.

"ಹಾಗಾದ್ರೆ ನಾನು ಮೊದಲ ಬಸ್ಸಿಗೆ ಬೇಲೂರಿಗೆ ಬರ್ತೀನಿ. ಸ್ಟ್ಯಾಂಡಲ್ಲೇ ಇರ್ತೀನಿ. ಅರ್ಜಿ ಬರೆದು ಇಟ್ಟಿದ್ದೇನೆ" ಅಂದರು.

ಮಗಳು ಕಾಫಿ ತಂದಳು. ಬರುತ್ತ ಕಡೆಯ ಮಾತು ಅವಳಿಗೆ ಕೇಳಿಸಿತ್ತು, ಮುಖ ನೋಡಿದರೆ ಗೊತ್ತಾಗುತ್ತಿತ್ತು. ಲೋಟ ಕೊಡುವಾಗ, "ಅಣ್ಣಾ, ಗೆದ್ದರೆ ಜೂನಿಗೇ ಸ್ಕೂಲು ಶುರು ಮಾಡಿಸ್ತಾರಾ?" ಎಂದು ಕೇಳಿದಳು. "ಮಾಡಿಸ್ತಾರೆ" ಅಂದೆ.

ಸೋಮವಾರ ಬೆಳಿಗ್ಗೆ ಅಂಗಿ ತೊಟ್ಟು, ರಜೆ ಕೇಳಲು ಕಚೇರಿಗೆ ಹೋದೆ. ರಜೆ ಕೇಳದೆ ಹೋಗಿದ್ದರೆ ಆಗುತ್ತಿತ್ತು. ಎಷ್ಟು ಸಲ ಅಂದುಕೊಂಡಿದ್ದೇನೆ, ನೆಟ್ಟಗೆ ಸ್ಟ್ಯಾಂಡಿಗೆ ಹೋಗಬಾರದಿತ್ತಾ ಈ ಮೂರ್ಖ ಅಂತ. ಶಿರಸ್ತೇದಾರರು ನಗುತ್ತ ಎದ್ದು ಬಂದು ನನ್ನ ಬೆನ್ನಿಗೊಂದು ಗುದ್ದಿದರು. "ಬಂತು ಕಣಯ್ಯಾ ನಿನ್ನ ಆರ್ಡರು. ಕಾಯಂ. ಸಾಹೇಬರು ಮಧ್ಯಾಹ್ನ ಕೈಗೆ ಕೊಡ್ತಾರಂತೆ. ಎಲ್ಲೂ ಹೋಗಬೇಡ."

ನಾನು ಏನೋ ಹೇಳಲು ಬಾಯಿ ತೆರೆದೆ. "ಇವತ್ತು ಸ್ವಲ್ಪ..." ಅಂದೆ. "ಏನು ಸ್ವಲ್ಪ? ಸಿಹಿ ಎಲ್ಲಿ?" ಎಂದು ಅವರು ಉಳಿದವರನ್ನು ಕೂಗಿ ಕರೆದರು. ಎಲ್ಲರೂ ಸುತ್ತ ನಿಂತರು. ನಾನು ನಕ್ಕೆ. ನಗು ಬಂತು, ಏನು ಮಾಡಲಿ, ಒಳಗಿನಿಂದಲೇ ಬಂತು.

ನನ್ನ ಮೇಜು ಕಿಟಕಿಯ ಪಕ್ಕ. ಕಿಟಕಿಯಿಂದ ಬಸ್ ಸ್ಟ್ಯಾಂಡು ಕಾಣುತ್ತಿತ್ತು. ಮೇಷ್ಟ್ರು ಬೇವಿನ ಮರದ ಕೆಳಗೆ ನಿಂತಿದ್ದರು. ಇಸ್ತ್ರಿ ಮಾಡಿದ ಕೋಟು, ಕಂಕುಳಲ್ಲಿ ಛತ್ರಿ, ಕೈಯಲ್ಲಿ ಸುರುಳಿ ಸುತ್ತಿದ ಕಾಗದ. ಹಾಸನದ ಒಂಬತ್ತೂವರೆ ಬಸ್ಸು ಬಂದು ಹೋಯಿತು. ಅವರು ಹತ್ತಲಿಲ್ಲ. ಕಂಡಕ್ಟರು ಏನೋ ಕೇಳಿದ, ಇಲ್ಲ ಅಂತ ತಲೆಯಾಡಿಸಿದರು. ಹನ್ನೊಂದರ ಬಸ್ಸೂ ಹೋಯಿತು. ಕಚೇರಿ ಅಲ್ಲೇ ಇದೆ, ಬಂದು ಕರೆಯಬಹುದಿತ್ತು. ಒಂದು ಸಲವಾದರೂ ಈ ಕಡೆ ತಿರುಗಿ ನೋಡಲಿಲ್ಲ. ನಾನು ಬರುವ ದಾರಿ ಯಾವುದು ಅಂತ ಅವರಿಗೆ ಗೊತ್ತಿತ್ತು, ಆದರೂ ನೋಡಲಿಲ್ಲ. ಅದು ನನ್ನ ಮೇಲಿನ ನಂಬಿಕೆಯೋ, ನಾನು ನಾಚಿಕೊಳ್ಳಬಾರದು ಎಂಬ ದಯೆಯೋ, ಇಂದಿಗೂ ತಿಳಿಯದು. ಎರಡರಲ್ಲಿ ಯಾವುದಾದರೂ ಅದರ ಭಾರ ನನಗೆ ಒಂದೇ.

ಮಧ್ಯಾಹ್ನ ಒಂದು ಗಂಟೆಯ ಬಸ್ಸು ಕೊನೆಯದು. ಅದು ತಪ್ಪಿದರೆ ಕೋರ್ಟು ಮುಚ್ಚುವುದರೊಳಗೆ ಹಾಸನ ಮುಟ್ಟುವ ಹಾಗಿರಲಿಲ್ಲ. ಹನ್ನೆರಡೂವರೆಗೆ ಶಿರಸ್ತೇದಾರರು ಒಂದು ಕಾಗದ ತಂದು ನನ್ನ ಮುಂದಿಟ್ಟರು. ಚುನಾವಣೆಯ ವರದಿ, ಮೇಲಕ್ಕೆ ಹೋಗಬೇಕು, ನಿನ್ನ ಅಕ್ಷರದಲ್ಲೇ ಇರಲಿ ಅಂದರು. ಪಕ್ಕದಲ್ಲೇ ನಿಂತು ಓದುತ್ತ ಹೋದರು, ನಾನು ಬರೆಯುತ್ತ ಹೋದೆ. ತಕ್ಕಡಿಗೆ ಬಂದ ಮತ. ಏಣಿಗೆ ಬಂದ ಮತ. ಪೆಟ್ಟಿಗೆಗೆ ಹಾಕದೆ ಒಯ್ದ ಚೀಟಿ, ಮೂವತ್ತೊಂದು. ಹೊರಗೆ ಬಸ್ಸಿನ ಹಾರನ್ನು ಕೇಳಿಸಿತು. ಏಳುವುದಿದ್ದರೆ ನಾನು ಆಗಲೇ ಏಳಬೇಕಿತ್ತು.

"ಮರುಎಣಿಕೆ ಕೋರಿ ಬಂದ ಅರ್ಜಿಗಳು" ಎಂದು ಓದಿ, ಶಿರಸ್ತೇದಾರರು ತಾವೇ ಉತ್ತರವನ್ನೂ ಹೇಳಿದರು. "ಇಲ್ಲ ಅಂತ ಬರಿ."

ಇಲ್ಲ ಅಂತ ಬರೆದೆ.

ಅವರು ಕಾಗದ ಎತ್ತಿ ಬೆಳಕಿಗೆ ಹಿಡಿದು ನೋಡಿದರು. "ಮುತ್ತಿನ ಹಾಗಿದೆಯಲ್ಲಯ್ಯಾ ಅಕ್ಷರ. ಯಾರು ಕಲಿಸಿದ್ದು?"

"ನಮ್ಮ ಮೇಷ್ಟ್ರು ಸಾರ್" ಅಂದೆ.

ಕಿಟಕಿಯಾಚೆ ಬಸ್ಸು ಹೊರಟು ಹೋಗಿತ್ತು. ಮೇಷ್ಟ್ರು ಬೇವಿನ ಮರದ ಕೆಳಗೆ ಇನ್ನೂ ನಿಂತಿದ್ದರು.